ಡಿಸ್ಚಾರ್ಜ್ ಆದವನು ಖುಲಾಸೆ ಆದವನಲ್ಲ

ಮಾನ್ಯರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಸಹಕಾರ ಸಂಘವೊಂದರ ಹಣ ದುರುಪಯೋಗದ ಸುದ್ದಿ ಇತ್ತು. ತಲೆಬರಹ ‘ಮಾಜಿ ಕಾರ್ಯದರ್ಶಿ ಖುಲಾಸೆ’. ಬೆಳಿಗ್ಗೆ ಡೇರಿ ಹತ್ತಿರ ಹಾಲಿಗೆ ನಿಂತಿದ್ದಾಗ ಅದೇ ಮಾತು. ಆ ಸಂಘದಲ್ಲಿ ಠೇವಣಿ ಇಟ್ಟಿರುವ ಹಿರಿಯರೊಬ್ಬರು ‘ಗೆದ್ದುಬಿಟ್ಟ ಕಣಮ್ಮ, ಇನ್ನು ನಮ್ಮ ದುಡ್ಡಿಗೆ ಎಳ್ಳುನೀರು’ ಎಂದು ಪೇಪರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಮನೆಗೆ ಬಂದು ಸುದ್ದಿ ಪೂರ್ತಿ ಓದಿದೆ. ದೋಷಾರೋಪ ಹೊರಿಸಲು ಸಾಕಷ್ಟು ಆಧಾರ ಇಲ್ಲವೆಂದು ಕೋರ್ಟ್ ಹೇಳಿದೆ ಎಂದು ನಾಲ್ಕನೇ ಸಾಲಿನಲ್ಲಿ ನಿಮ್ಮ ವರದಿಗಾರರೇ ಬರೆದಿದ್ದಾರೆ. ಅಂದರೆ ವಿಚಾರಣೆ ಶುರುವೇ ಆಗಿಲ್ಲ, ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್ಚಾರ್ಜ್ ಅನ್ನುತ್ತಾರೆ. ನೀವು ಹಾಕಿದ ಖುಲಾಸೆ ಅಕ್ವಿಟಲ್‌ಗೆ, ಅಂದರೆ ವಿಚಾರಣೆ ನಡೆಸಿ ತಪ್ಪಿತಸ್ಥನಲ್ಲ ಎಂದು ಬಿಡುವುದಕ್ಕೆ, ಸಲ್ಲುವ ಮಾತು.

ಈ ಎರಡು ಪದಗಳ ನಡುವೆ ನಾನೇ ಒಮ್ಮೆ ಎಡವಿದ್ದೇನೆ, ಅದಕ್ಕೇ ಇಷ್ಟು ಉರಿ. ತಾಲ್ಲೂಕು ಕೋರ್ಟೊಂದರಲ್ಲಿ ಸ್ಟೆನೋ ಆಗಿ ಸೇರಿದ ಹೊಸತು. ಆ ವಾರವೆಲ್ಲ ಒಂದರ ಹಿಂದೊಂದು ಖುಲಾಸೆ ತೀರ್ಪುಗಳನ್ನೇ ಟೈಪ್ ಮಾಡಿ ಬೆರಳಿಗೆ ಅದೇ ರೂಢಿಯಾಗಿತ್ತು. ಸಾಹೇಬರು ‘ಡಿಸ್ಚಾರ್ಜ್ಡ್’ ಎಂದು ಉಕ್ತಲೇಖನ ಕೊಟ್ಟದ್ದನ್ನು ನಾನು ‘ಅಕ್ವಿಟೆಡ್’ ಎಂದು ಹೊಡೆದೆ, ಮೂರು ಕಾರ್ಬನ್ ಪ್ರತಿ ಸಮೇತ. ಚೇಂಬರಿಗೆ ಕರೆಸಿದರು. ಆ ಒಂದು ಪದದ ಸುತ್ತ ಕೆಂಪು ಶಾಯಿಯ ಸುತ್ತು. ಬೈಯಲಿಲ್ಲ. ‘ಇಬ್ಬರೂ ಇವತ್ತು ಮನೆಗೆ ಹೋಗ್ತಾರಮ್ಮ, ಸಮ ಇರೋದು ಅಷ್ಟೇ. ಒಬ್ಬನನ್ನ ಇದೇ ಆಪಾದನೆಗೆ ನಾಳೆ ಮತ್ತೆ ಕರೆಸಬಹುದು, ಇನ್ನೊಬ್ಬನನ್ನ ಕರೆಸೋ ಹಾಗಿಲ್ಲ’ ಅಂದರು. ನಾಲ್ಕೂ ಹಾಳೆ ಮತ್ತೆ ಟೈಪ್ ಮಾಡಿದೆ.

ಅವರು ಹೇಳಿದ್ದು ಕಾನೂನಿನಲ್ಲೇ ಇದೆ. ಸಾಕ್ಷ್ಯವನ್ನೆಲ್ಲ ಕೇಳಿ ಖುಲಾಸೆ ಮಾಡಿದ ಮೇಲೆ ಸರ್ಕಾರ ಮೇಲ್ಮನವಿ ಹೋಗಬಹುದು, ಆದರೆ ಆ ತೀರ್ಪು ನಿಂತಿರುವವರೆಗೆ ಅದೇ ಅಪರಾಧಕ್ಕೆ ಎರಡನೇ ಸಲ ವಿಚಾರಣೆ ನಡೆಸುವಂತಿಲ್ಲ. ಡಿಸ್ಚಾರ್ಜ್‌ಗೆ ಆ ರಕ್ಷಣೆ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮಿನ ವಿವರಣೆ, ದೂರು ವಜಾ ಆದದ್ದಾಗಲಿ ಆರೋಪಿ ಡಿಸ್ಚಾರ್ಜ್ ಆದದ್ದಾಗಲಿ ಆ ಕಲಮಿನ ಮಟ್ಟಿಗೆ ಖುಲಾಸೆ ಅಲ್ಲ ಎಂದು ಬಿಡಿಸಿ ಹೇಳುತ್ತಿತ್ತು. ಆದ್ದರಿಂದ ಹೊಸ ಪುರಾವೆ ಸಿಕ್ಕರೆ ಪ್ರಕರಣಕ್ಕೆ ಮತ್ತೆ ಜೀವ ಬರಬಹುದು. ಆ ಆದೇಶವನ್ನೇ ಮೇಲಿನ ಕೋರ್ಟಿನಲ್ಲಿ ರಿವಿಷನ್ ಹಾಕಿ ಪ್ರಶ್ನಿಸಲೂಬಹುದು.

ನಮ್ಮ ಜನಕ್ಕೆ ಡಿಸ್ಚಾರ್ಜ್ ಗೊತ್ತಿರುವುದು ಆಸ್ಪತ್ರೆಯಿಂದ, ಇಲ್ಲವೇ ಮೊಬೈಲ್ ಬ್ಯಾಟರಿಯಿಂದ. ಆಸ್ಪತ್ರೆಯ ಡಿಸ್ಚಾರ್ಜೇ ಇದಕ್ಕೆ ಹತ್ತಿರ ಅನ್ನಿ. ಮನೆಗೆ ಕಳಿಸಿದ್ದಾರೆ ಅಂದಮಾತ್ರಕ್ಕೆ ಕಾಯಿಲೆ ವಾಸಿಯಾಗಿದೆ ಅಂತ ಯಾರೂ ಬರೆದುಕೊಟ್ಟಿರುವುದಿಲ್ಲ.

ಬರೆಯಲು ಕೂತ ಮೇಲೆ ಇನ್ನೊಂದು. ನಮ್ಮ ಬೀದಿಯ ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದಾಗ ಬೀಗ ಒಡೆದು ಎರಡು ಮೂಟೆ ಕೊಬ್ಬರಿ ಹೊತ್ತೊಯ್ದರು. ನಿಮ್ಮಲ್ಲಿ ಅದು ‘ಮನೆ ದರೋಡೆ’ ಆಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಯಾರನ್ನೂ ಹೆದರಿಸಲಿಲ್ಲ, ಹೊಡೆಯಲಿಲ್ಲ. ಇಂಗ್ಲಿಷಿನ ಥೆಫ್ಟ್ ಅದು, ಕಳ್ಳತನ. ಹೊಡೆದೋ ಚಾಕು ತೋರಿಸಿಯೋ ಕಿತ್ತುಕೊಂಡರೆ ರಾಬರಿ, ಠಾಣೆಯವರ ಬಾಯಲ್ಲಿ ಸುಲಿಗೆ. ಐದು ಜನ ಅಥವಾ ಹೆಚ್ಚು ಮಂದಿ ಸೇರಿ ಸುಲಿದರೆ ಡಕಾಯಿತಿ. ಸುಮ್ಮನೆ ಮಾಡಿದ ಭೇದ ಅಲ್ಲ ಇದು: ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ ಸಜೆ, ಸುಲಿಗೆಗೆ 10 ವರ್ಷದವರೆಗೆ, ಅದೇ ಹೆದ್ದಾರಿಯಲ್ಲಿ ಹೊತ್ತು ಮುಳುಗಿ ಹುಟ್ಟುವುದರೊಳಗೆ ಆದರೆ 14, ಡಕಾಯಿತಿಗೆ ಜೀವಾವಧಿವರೆಗೂ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಕಲಮುಗಳ ನಂಬರು ಬದಲಾಯಿತು: ಕಳ್ಳತನಕ್ಕೆ 379 ಹೋಗಿ 303 ಬಂತು, ಸುಲಿಗೆಗೆ 392 ಹೋಗಿ 309 ಬಂತು. ಪದಗಳ ಅರ್ಥ ಹಾಗೇ ಇದೆ.

ತಲೆಬರಹಕ್ಕೆ ಜಾಗ ಸಾಲದು ಎನ್ನುವುದು ನಿಮ್ಮ ಕಷ್ಟ ಇರಬಹುದು. ‘ಮಾಜಿ ಕಾರ್ಯದರ್ಶಿಯನ್ನು ಕೈಬಿಟ್ಟ ಕೋರ್ಟ್’ ಎಂದಿದ್ದರೆ ಒಂದೇ ಸಾಲಿನಲ್ಲಿ ಹಿಡಿಯುತ್ತಿತ್ತು. ವರದಿಗಾರರು ಆದೇಶದ ಕೊನೆಯ ಪ್ಯಾರಾವನ್ನು ಕಣ್ಣಾರೆ ಓದಿದರೂ ಸಾಕು. ವಕೀಲರು ವರಾಂಡದಲ್ಲಿ ನಿಂತು ‘ನಮ್ಮ ಕಕ್ಷಿದಾರ ಖುಲಾಸ್’ ಅಂದದ್ದನ್ನು ಬರೆದುಕೊಂಡರೆ ಹೀಗೇ ಆಗುವುದು.

ಮಾರನೇ ದಿನ ಡೇರಿ ಹತ್ತಿರ ಆ ಹಿರಿಯರಿಗೆ ಇಷ್ಟೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ನೀವು ಹೇಳೋದು ಸರಿ ಇರಬಹುದಮ್ಮ, ಆದರೆ ಪೇಪರ್‌ನೋರು ಖುಲಾಸೆ ಅಂತ ಹಾಕಿದಾರಲ್ಲ’ ಅಂದರು. ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಕತ್ತರಿಸಿ ಅವರಿಗೆ ಕೊಡಬೇಕು.

– ನಿವೃತ್ತ ಕೋರ್ಟ್ ಸ್ಟೆನೋ, ತಿಪಟೂರು