ಮೈಸೂರಿನ ಹಳೇ ಮನೆಗಳನ್ನ ಕೆಡವೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ

ಸಂಪಾದಕರಿಗೆ ನಮಸ್ಕಾರ,

ಮೈಸೂರಲ್ಲಿ ಒಂದು ಹಳೇ ಮನೆಗೆ ಈಗ ಎರಡೇ ಗತಿ. ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸೋದು, ಇಲ್ಲಾ ಅಣ್ತಮ್ಮಂದಿರ ಪಾಲಿನ ಜಗಳದಲ್ಲಿ ಬೀಗ ಹಾಕಿ ತಾನಾಗೇ ಬೀಳೋ ತನಕ ಬಿಟ್ಬಿಡೋದು. ಮನೇನ ಹಂಗೇ ಉಳಿಸ್ಕೊಂಡು ಸಣ್ಣ ಹೋಟ್ಲು ಮಾಡೋ ಮೂರನೇ ದಾರೀನೂ ಇದೆ ಅಂತ ಮೊನ್ನೆ ನೆಂಟರ ಮದ್ವೆಗೆ ಮಂಡ್ಯದಿಂದ ಹೋದಾಗ ಕಣ್ಣಾರೆ ನೋಡಿದೆ, ಅದಕ್ಕೇ ಈ ಪತ್ರ.

ಛತ್ರದಲ್ಲಿ ಜಾಗ ಸಾಲ್ದೆ ನಮ್ಮನ್ನ ಅಗ್ರಹಾರದ ಕಡೆ ಒಂದು ಸಣ್ಣ ಹೋಟ್ಲಲ್ಲಿ ಇಳಿಸಿದ್ರು. ಹೋಟ್ಲು ಅಂದ್ರೆ ಬೋರ್ಡು ಕೂಡ ಸರಿಯಾಗಿ ಕಾಣಲ್ಲ, ಬೀದಿಗೇ ಅಂಟ್ಕೊಂಡಿರೋ ಜಗಲಿ, ಒಳಗೆ ಕಾಲಿಟ್ರೆ ಮಧ್ಯದಲ್ಲಿ ಮೇಲೆ ಆಕಾಶ ಕಾಣೋ ತೊಟ್ಟಿ ಅಂಗಳ, ಸುತ್ತ ಮರದ ಕಂಬ, ಕೆಂಪು ಆಕ್ಸೈಡ್ ನೆಲ ಹಂಗೇ ಹೊಳೀತಾ ಇದೆ, ಬೆರಳೆಣಿಕೆಯಷ್ಟೇ ರೂಮು. ಹಿಂದಿನ ಭಾಗದಲ್ಲಿ ಮನೆಯವ್ರೇ ಇದಾರೆ. ಬೆಳಿಗ್ಗೆ ಅವ್ರ ಅಡುಗೆಮನೆಯಿಂದ್ಲೇ ಇಡ್ಲಿ, ಕಾಫಿ. ಹೊರಗೆ ಸುಡೋ ಬಿಸ್ಲಿದ್ರೂ ಮಧ್ಯಾಹ್ನ ರೂಮು ತಣ್ಣಗಿತ್ತು, ಯಾಕಂದ್ರೆ ಗೋಡೆ ದಪ್ಪ, ಸೂರು ಎತ್ತರ, ಮೇಲಿನ ವೆಂಟಿಲೇಟರಲ್ಲಿ ಬಿಸಿಗಾಳಿ ಹೊರಗೆ ಹೋಗತ್ತೆ. ಅನನುಕೂಲಾನೂ ಹೇಳ್ಬೇಕು: ತೊಟ್ಟೀಲಿ ಯಾರಾದ್ರೂ ಫೋನಲ್ಲಿ ಮಾತಾಡಿದ್ರೆ ಎಲ್ಲಾ ರೂಮಿಗೂ ಕೇಳ್ಸತ್ತೆ, ಮಹಡಿ ಮೆಟ್ಲು ಕಡಿದು, ಲಿಫ್ಟ್ ಇಲ್ಲ. ನಮ್ಮಮ್ಮನಿಗೆ ಮಂಡಿನೋವು ಅಂತ ಕೇಳ್ಕೊಂಡು ಕೆಳಗಿನ ರೂಮು ಬಿಡಿಸಿಕೊಟ್ರು.

ಯಜಮಾನರ ಜೊತೆ ಜಗಲೀಲಿ ಕೂತು ಮಾತಾಡ್ತಾ ಅವ್ರು ಪಟ್ಟ ಪಾಡು ಗೊತ್ತಾಯ್ತು. ಈ ಮನೆ ಗೋಡೆ ಎಲ್ಲಾ ಸುಣ್ಣದ ಗಾರೇದು. ಮೊದ್ಲು ಬಂದ ಕಂಟ್ರಾಕ್ಟರು ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಮೆತ್ತಿಬಿಟ್ಟ, ಒಂದು ಮಳೆಗಾಲ ಕಳೆಯೋದ್ರೊಳಗೆ ಪ್ಲಾಸ್ಟರು ಉಬ್ಬಿ ಚಕ್ಕೆ ಚಕ್ಕೆಯಾಗಿ ಬಿತ್ತಂತೆ. ಕಾರಣ ಇಷ್ಟೇ ಕಣ್ರೀ, ಹಳೇ ಗೋಡೆ ನೆಲದಿಂದ ತೇವ ಎಳ್ಕೊಳತ್ತೆ, ಸುಣ್ಣದ ಗಾರೆ ಆದ್ರೆ ಆ ತೇವ ಗಾಳಿಗೆ ಹೋಗಿಬಿಡತ್ತೆ, ಸಿಮೆಂಟ್ ಅದನ್ನ ಒಳಗೇ ಹಿಡ್ದಿಡತ್ತೆ, ಉಪ್ಪು ಕಟ್ಟಿ ಇಟ್ಟಿಗೇನೇ ಪುಡಿ ಮಾಡತ್ತೆ. ಆಮೇಲೆ ಎಲ್ಲಾ ಕೆರೆದು, ಸುಣ್ಣ ನೆನೆಹಾಕಿ ಮರಳು ಕಲೆಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಹಾಕಿ ಮತ್ತೆ ಗಾರೆ ಮಾಡ್ಸಿದಾರೆ. ಆ ಕೆಲ್ಸ ಬಲ್ಲ ವಯಸ್ಸಾದ ಗಾರೆಯವ್ರನ್ನ ಹುಡುಕೋದೇ ದೊಡ್ಡ ಕೆಲ್ಸ ಆಯ್ತು ಅಂದ್ರು. ಇದು ಒಂದು ಮನೆ ಸಮಸ್ಯೆ ಅಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಬಿದ್ದು ನಾಲ್ಕು ಜನ ಸತ್ರು, 2016ರಲ್ಲಿ ದೇವರಾಜ ಮಾರ್ಕೆಟ್ಟಿಂದೂ ಒಂದು ಭಾಗ ಕುಸೀತು. ನೋಡ್ಕೊಳ್ಳೋ ಕೈ ಇಲ್ದೆ ಹೋದ್ರೆ ಎಂಥ ಕಟ್ಟಡಾನೂ ನಿಲ್ಲಲ್ಲ.

ಹಳೇ ಕಟ್ಟಡ ಹೋಟ್ಲಾಗಿ ಬದುಕೋದು ಮೈಸೂರಿಗೆ ಹೊಸದೇನೂ ಅಲ್ಲ. 1921ರಲ್ಲಿ ಅಡಿಗಲ್ಲು ಹಾಕಿದ ಲಲಿತ ಮಹಲ್ 1974ರಲ್ಲಿ ಹೋಟ್ಲಾಯ್ತು, 1920ರ ಮೆಟ್ರೊಪೋಲ್ ಇವತ್ತಿಗೂ ಹೋಟ್ಲೇ, ರಾಜಕುಮಾರಿಯರಿಗೆ ಅಂತ ಕಟ್ಟಿಸಿದ ಚಿತ್ತರಂಜನ್ ಪ್ಯಾಲೇಸಲ್ಲಿ ಗ್ರೀನ್ ಹೋಟೆಲ್ ಬಂತು. ಆದ್ರೆ ಅವೆಲ್ಲ ಅರಮನೆ ಕಾಲದ ದೊಡ್ಡ ಕಟ್ಟಡ, ಅವನ್ನ ಕೇಳೋರಿದಾರೆ. ಗುಮಾಸ್ತರು, ಮೇಷ್ಟ್ರು, ವಕೀಲರು ಕಟ್ಟಿಸಿದ ತೊಟ್ಟಿಮನೆಗಳನ್ನ ಕೇಳೋರ್ಯಾರು? ಊರಿನ ಚೆಂದ ಇರೋದು ಆ ಬೀದಿಗಳಲ್ಲೇ ಅಂತ ನಾನಂತೂ ನಂಬ್ತೀನಿ.

ಇನ್ನು ಪರ್ಮಿಷನ್ ವಿಷ್ಯ. ಬೀದಿಗೆ ಅಂಟಿರೋ ಮನೇಲಿ ಪಾರ್ಕಿಂಗ್ ಎಲ್ಲಿ ತೋರ್ಸೋದು? ಹೊಸ ಲಾಡ್ಜಿಗೆ ಕೇಳೋದನ್ನೆಲ್ಲ ಇದಕ್ಕೂ ಕೇಳಿದಾರೆ, ಆಫೀಸಿಂದ ಆಫೀಸಿಗೆ ಓಡಾಡಿ ಆ ಮನುಷ್ಯ ಮಾರಿಬಿಡೋಣ ಅನ್ನೋ ಹಂತಕ್ಕೆ ಬಂದಿದ್ರಂತೆ. ಬೆಂಕಿ ವಿಷ್ಯದಲ್ಲಿ ಮಾತ್ರ ಒಂಚೂರೂ ಸಡಿಲ ಬಿಡಬಾರ್ದು, ತೊಲೆ ಜಂತಿ ಎಲ್ಲಾ ಮರ, ಹಳೇ ಮರದ ಅರಮನೆ 1897ರಲ್ಲಿ ಮದ್ವೆ ಸಮಯದಲ್ಲೇ ಸುಟ್ಟುಹೋದ ಊರಿದು. ವೈರಿಂಗ್ ಹೊಸದಾಗಿರ್ಲಿ, ಹೊರಗೆ ಹೋಗೋಕೆ ಇನ್ನೊಂದು ದಾರಿ ಇರ್ಲಿ. ಪಾರ್ಕಿಂಗ್‌ಗೆ ಬೇಕಾದ್ರೆ ಹತ್ರದ ಯಾವ್ದಾದ್ರೂ ಮೈದಾನ ತೋರಿಸಿದ್ರೆ ಆಗಲ್ವಾ?

ಮುಂದಿನ ಗೋಡೆ ಒಂದನ್ನ ಉಳಿಸ್ಕೊಂಡು ಹಿಂದೆಲ್ಲ ಕೆಡವಿ, ಕಾಂಕ್ರೀಟ್ ಹಾಕಿ, ಫಾಲ್ಸ್ ಸೀಲಿಂಗ್ ಹೊಡೆದು ಪಾರಂಪರಿಕ ಅಂತ ಹೆಸರಿಟ್ಟು ದುಡ್ಡು ಕೀಳೋದನ್ನ ನಾನು ಒಪ್ಪಲ್ಲ, ಅದಕ್ಕಿಂತ ನೇರವಾಗಿ ಕೆಡವೋರೇ ವಾಸಿ. ರಿಯಾಯ್ತಿ ಕೊಡೋದಾದ್ರೆ ತೊಟ್ಟಿ, ಸೂರು, ನೆಲ ಉಳ್ಸಿದೋರಿಗೆ ಮಾತ್ರ ಕೊಡ್ಬೇಕು.

2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಬೆಂಗ್ಳೂರಿನವ್ರಿಗೆ ಬೆಳಿಗ್ಗೆ ಬಂದು ಅರಮನೆ, ಝೂ, ಬೆಟ್ಟ ನೋಡಿ ರಾತ್ರಿ ಊಟಕ್ಕೆ ಮನೆ ಸೇರೋದು ಸುಲಭ. ಜನ ಒಂದು ರಾತ್ರಿ ಉಳೀಬೇಕು ಅಂದ್ರೆ ಅವ್ರ ಊರಲ್ಲಿ ಸಿಗದೇ ಇರೋದು ಇಲ್ಲಿ ಸಿಗ್ಬೇಕು, ಗಾಜಿನ ಹೋಟ್ಲು ಅಲ್ಲೂ ಇದೆ.

ಪಾಲಿಕೆಯವ್ರು, ಪ್ರವಾಸೋದ್ಯಮ ಇಲಾಖೆಯವ್ರು ಒಟ್ಟಿಗೆ ಕೂತು ಇಂಥ ಸಣ್ಣ ಮನೆಗಳಿಗೆ ಅಂತಲೇ ಒಂದು ಬೇರೆ ನಿಯಮ ಮಾಡ್ಲಿ, ಒಂದೇ ಕಡೆ ಅರ್ಜಿ ತಗೊಳ್ಳೋ ಹಂಗಿರ್ಲಿ, ಮನೆ ತೆರಿಗೇಲಿ ಸ್ವಲ್ಪ ಬಿಡ್ಲಿ. ಎಲ್ಲಕ್ಕಿಂತ ಮೊದ್ಲು, ಗಾರೆ ಕೆಲ್ಸ ಬಲ್ಲ ಹಿರಿಯರು ಇನ್ನೂ ಇರೋವಾಗ್ಲೇ ಅವ್ರಿಗೆ ಸಂಬಳ ಕೊಟ್ಟು ಹುಡುಗ್ರಿಗೆ ಹೇಳ್ಕೊಡ್ಸಲಿ, ಕಲಿತೋರ ಪಟ್ಟಿ ಪಾಲಿಕೆ ಆಫೀಸಲ್ಲಿ ಹಾಕಲಿ.

ಇಂತಿ,
ನಿಮ್ಮ ಓದುಗ, ಮಂಡ್ಯ