ಮಗಳಿಗೊಂದು ಪತ್ರ: ಕಾಯಿಲೆಯ ಹೆಸರನ್ನು ಪೂರ್ತಿ ಬರೆದು ಹುಡುಕು

ಪ್ರೀತಿಯ ಮಗಳೇ,

ನನಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ನೀನು ರಾತ್ರಿಯಿಡೀ ಮೊಬೈಲ್ ಹಿಡಿದು ಓದುತ್ತಿದ್ದೀಯ. ಓದಬೇಡ ಎಂದು ಹೇಳಲಾರೆ, ನಾನೂ ಓದುತ್ತಿದ್ದೇನೆ. ಆದರೆ ನೀನು ಕಳುಹಿಸಿದ ಲೇಖನಗಳಲ್ಲಿ ಎಷ್ಟೋ ನನ್ನ ಕಾಯಿಲೆಗೆ ಸಂಬಂಧಿಸಿದವೇ ಅಲ್ಲ. ಫೋನಿನಲ್ಲಿ ಈ ವಿಷಯ ಎತ್ತಿದರೆ ಇಬ್ಬರಿಗೂ ಅಳು ಬರುತ್ತದೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ರಕ್ತದ ಕ್ಯಾನ್ಸರನ್ನು ಲ್ಯುಕೇಮಿಯಾ ಎಂದಷ್ಟೇ ಹುಡುಕಿದರೆ ಬಹಳ ಬೇಗ ಉಲ್ಬಣಿಸುವ ಅಕ್ಯೂಟ್ ಲ್ಯುಕೇಮಿಯಾದ ಮಾಹಿತಿಯೂ ಜೊತೆಗೆ ಬರುತ್ತದೆ. ಅದನ್ನು ಓದಿದ ಯಾರಿಗಾದರೂ ಎದೆ ನಡುಗುತ್ತದೆ. 'ಕ್ರಾನಿಕ್', ಅಂದರೆ ನಿಧಾನವಾಗಿ ಬೆಳೆಯುವುದು, ಎಂದು ಸೇರಿಸಿದರೂ ಸಾಲದು. ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ) ಒಂದು ಕಾಯಿಲೆ, ಸಿಎಂಎಲ್ ಇನ್ನೊಂದು. ಸಿಎಲ್‌ಎಲ್ ಇರುವ ಅನೇಕರಿಗೆ ಮೊದಮೊದಲು ಔಷಧವೇ ಬೇಕಾಗುವುದಿಲ್ಲ, ರಕ್ತಪರೀಕ್ಷೆ ಮಾಡಿಸುತ್ತಾ ಗಮನಿಸುತ್ತಿರುತ್ತಾರೆ. ಡಾಕ್ಟರು ಅವಸರದಲ್ಲಿ ಮಾತ್ರೆ ಕೊಟ್ಟರೇನೋ ಎಂದು ನೀನು ಗಾಬರಿಯಾದದ್ದು ಅಂಥವರಿಗಾಗಿ ಬರೆದ ಲೇಖನ ಓದಿ. ನನ್ನದು ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಇದಕ್ಕೆ ರೋಗ ಖಚಿತವಾದ ಮೇಲೆ ಕಾಯುವುದಿಲ್ಲ, ಮಾತ್ರೆ ಶುರು ಮಾಡುತ್ತಾರೆ. ನನ್ನ ವರದಿಯಲ್ಲಿ 'ಕ್ರಾನಿಕ್ ಹಂತ', ಅಂದರೆ ಕಾಯಿಲೆಯ ಮೊದಲ ಹಂತ, ಎಂದೂ ಬರೆದಿದೆ. ಈ ಎರಡನ್ನೂ ಸೇರಿಸಿಕೊಂಡು ಹುಡುಕು.

ಆಮೇಲೆ, ಸಿಕ್ಕ ಲೇಖನವನ್ನು ಯಾವ ವರ್ಷ ಬರೆದದ್ದು ಎಂದು ನೋಡು. ಈ ಕಾಯಿಲೆಯ ಮಟ್ಟಿಗೆ ವರ್ಷದಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬ ವಿಜ್ಞಾನಿಗಳು ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು ಕಂಡರು. ಊರಿನ ಹೆಸರಿನಿಂದ ಅದು ಫಿಲಡೆಲ್ಫಿಯಾ ವರ್ಣತಂತು ಆಯಿತು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ ಅದು ಉಂಟಾಗುತ್ತದೆ ಎಂದು ತೋರಿಸಿಕೊಟ್ಟವರು ಜಾನೆಟ್ ರೌಲಿ, 1973ರಲ್ಲಿ. ಆ ಅದಲುಬದಲಿನಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಬಿಳಿ ರಕ್ತಕಣಗಳನ್ನು ಮಿತಿಯಿಲ್ಲದೆ ಹೆಚ್ಚಿಸುತ್ತದೆ. ಆ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. 'ಕೆಲವೇ ವರ್ಷ' ಎಂದು ನೀನು ಓದಿದ ಅಂಕಿಗಳು ಅದಕ್ಕೂ ಹಿಂದಿನ ಕಾಲದವು. ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರನ್ನು ದೀರ್ಘಕಾಲ ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಸುಮಾರು 83 ಪ್ರತಿಶತ. ನಿಲೋಟಿನಿಬ್, ದಾಸಾಟಿನಿಬ್, ಬೋಸುಟಿನಿಬ್‌ನಂಥ ಔಷಧಗಳು ಬಂದದ್ದು ಆಮೇಲೆ. ಒಂದು ಹಿಡಿಸದಿದ್ದರೆ ಇನ್ನೊಂದನ್ನು ಪ್ರಯತ್ನಿಸುವ ಅವಕಾಶ ನನಗಿದೆ.

ನೀನು ಕೇಳಲು ಹಿಂಜರಿಯುತ್ತಿರುವ ಪ್ರಶ್ನೆಯೂ ನನಗೆ ಗೊತ್ತು. ಇಲ್ಲ, ಇದು ನಿನಗೆ ನನ್ನಿಂದ ಬರುವುದಿಲ್ಲ. ಈ ಬದಲಾವಣೆ ಬದುಕಿನ ನಡುವೆ ಅಸ್ಥಿಮಜ್ಜೆಯ ಒಂದು ಜೀವಕೋಶದಲ್ಲಿ ಆದದ್ದು, ಹುಟ್ಟಿನಿಂದ ಬಂದದ್ದಲ್ಲ. ಡಾಕ್ಟರನ್ನು ನಾನು ಮೊದಲು ಕೇಳಿದ್ದೇ ಇದನ್ನು.

ಇಷ್ಟೆಲ್ಲ ಓದಿದರೂ ನನ್ನ ಸ್ಥಿತಿ ತಿಳಿಯುವುದು ಪಿಸಿಆರ್ ಎಂಬ ರಕ್ತಪರೀಕ್ಷೆಯ ನನ್ನ ವರದಿಯಿಂದಲೇ. ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಮೂರು ತಿಂಗಳಿಗೆ 10 ಪ್ರತಿಶತ, ಆರು ತಿಂಗಳಿಗೆ 1, ವರ್ಷಕ್ಕೆ 0.1, ಇಷ್ಟಕ್ಕೆ ಅಥವಾ ಇದಕ್ಕೂ ಕೆಳಗೆ ಇಳಿದರೆ ಚೆನ್ನಾಗಿ ಸ್ಪಂದಿಸುತ್ತಿದೆ ಎಂದರ್ಥ. ಸ್ವಲ್ಪ ಹಿಂದೆ ಬಿದ್ದ ಮಾತ್ರಕ್ಕೆ ಎಲ್ಲ ಮುಗಿದಂತಲ್ಲ. ಆಗ ಡಾಕ್ಟರು ಮೊದಲು ಕೇಳುವುದೇ ಮಾತ್ರೆ ತಪ್ಪಿಸಿದಿರಾ ಎಂದು. ಆದ್ದರಿಂದ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ನೀನು ಎಷ್ಟು ಸಲ ಕೇಳಿದರೂ ನನಗೆ ಬೇಸರವಿಲ್ಲ. ಮಾತ್ರೆ ಬಿಟ್ಟು ಬೇರು, ಕಷಾಯ ಕುಡಿಯಿರಿ ಎನ್ನುವ ಸಂದೇಶಗಳನ್ನು ಮಾತ್ರ ದಯವಿಟ್ಟು ನನಗೆ ಕಳುಹಿಸಬೇಡ. ಕೆಲವು ಗಿಡಮೂಲಿಕೆಗಳು, ಗ್ರೇಪ್‌ಫ್ರೂಟ್ ಹಣ್ಣು ಕೂಡ, ರಕ್ತದಲ್ಲಿ ಈ ಔಷಧದ ಪ್ರಮಾಣವನ್ನು ಏರುಪೇರು ಮಾಡಬಲ್ಲವು. ಬಳಲಿದ ಮನುಷ್ಯರಿಗೆ ಹೀಗೆ ಆಸೆ ಹುಟ್ಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾಹಿತಿ ಸಿಕ್ಕಿತು ಎಂದರೆ ಆಸರೆ ಸಿಕ್ಕಿತು ಎಂದಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಮಧ್ಯರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎಷ್ಟು ಮಲಗಿದರೂ ಹೋಗದ ಆಯಾಸ: ಇವೆಲ್ಲ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಒಂದೊಂದು ಪದ ಅಷ್ಟೇ. ಇದೇ ಮಾತ್ರೆ ನುಂಗುವ ಇನ್ನೊಬ್ಬರು "ಹೌದು, ನನಗೂ ಹೀಗೇ ಆಗುತ್ತಿತ್ತು" ಎಂದಾಗ ಆಗುವ ಸಮಾಧಾನವೇ ಬೇರೆ. ಹಾಗಾಗಿ ರೋಗಿಗಳ ಬಳಗವೊಂದನ್ನು ಸೇರಿದ್ದೇನೆ. ಅನೇಕ ದೇಶಗಳ ಇಂಥ ಬಳಗಗಳನ್ನು ಜೋಡಿಸುವ ಸಿಎಂಎಲ್ ಅಡ್ವೊಕೇಟ್ಸ್ ನೆಟ್‌ವರ್ಕ್ ಎಂಬ ಸಂಸ್ಥೆಯೂ ಇದೆ. ಆ ಎರಡು ವರ್ಣತಂತುಗಳ ನೆನಪಿಗೆ ಒಂಬತ್ತನೆಯ ತಿಂಗಳ ಇಪ್ಪತ್ತೆರಡನ್ನು, ಅಂದರೆ ಸೆಪ್ಟೆಂಬರ್ 22ನ್ನು, ವಿಶ್ವ ಸಿಎಂಎಲ್ ದಿನವಾಗಿ ಆಚರಿಸುತ್ತಾರೆ. ಬಳಗದಲ್ಲಿ ನಾನು ಕೇಳುವುದು ದಿನ ದೂಡುವ ಬಗೆ. ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು ಡಾಕ್ಟರ ಮಾತು. ಫಲಿತಾಂಶ ವರ್ಷಗಟ್ಟಲೆ ಬಹಳ ಚೆನ್ನಾಗಿ ಉಳಿದ ಕೆಲವರು ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಅವರಲ್ಲಿ ಸುಮಾರು ಅರ್ಧ ಮಂದಿ ಔಷಧವಿಲ್ಲದೆ ಇರುತ್ತಾರೆ, ಉಳಿದವರು ಮತ್ತೆ ಶುರು ಮಾಡುತ್ತಾರೆ. ನನಗೆ ಆ ದಿನ ಬಂದರೆ ಸಂತೋಷ, ಬಾರದಿದ್ದರೆ ದಿನವೂ ಮಾತ್ರೆ ನುಂಗುತ್ತೇನೆ.

ನಿನಗೂ ಒಬ್ಬರು ಬೇಕು, ಮಗಳೇ. ನನ್ನೆದುರು ಧೈರ್ಯವಾಗಿದ್ದು ಆಮೇಲೆ ಒಬ್ಬಳೇ ಕುಸಿಯಬೇಡ. ಗೆಳತಿಯ ಹತ್ತಿರ ಹೇಳಿಕೋ, ಇಲ್ಲವೇ ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕಾಣು. ಅವರು ರೋಗಿಯ ಮನೆಯವರೊಂದಿಗೂ ಮಾತಾಡುತ್ತಾರೆ. ನನ್ನ ಕಾಯಿಲೆಯ ವಿಷಯ ಹೊರಗೆ ಹೇಳಬಾರದೆಂಬ ಮುಜುಗರ ನನಗಿಲ್ಲ, ನಿನಗೂ ಬೇಡ.

ಮುಂದಿನ ಪಿಸಿಆರ್ ಫಲಿತಾಂಶ ಕೇಳಲು ಹೋಗುವಾಗ ನೀನೂ ಬಾ. ನೀನು ಓದಿದ್ದರಲ್ಲಿ ಅನುಮಾನ ಹುಟ್ಟಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾ, ಮುಖ್ಯವಾದದ್ದು ಮೇಲಿರಲಿ. ನಾನು ಕೇಳುತ್ತೇನೆ, ಡಾಕ್ಟರು ಹೇಳಿದ್ದನ್ನು ನೀನು ಬರೆದುಕೋ.

ಇತಿ,
ನಿನ್ನ ಅಮ್ಮ