ಇಳಿಜಾರಿನಲ್ಲಿ ನಿಂತು ಚಿತ್ರ ನೋಡುವುದು ಹೇಗೆ ಮಾರಾಯ?

ಪ್ರೀತಿಯ ಕಂಟ್ರಾಕ್ಟರ್‌ಗೆ,

ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂ ನೋಡಿದೆಯಾ, ಹೇಗಿತ್ತು, ಬೇಗ ಹೇಳು ಅಂತ ನೀನು ದುಬೈಯಿಂದ ಒಂದರ ಮೇಲೊಂದು ವಾಯ್ಸ್ ಮೆಸೇಜ್ ಹಾಕಿದೆ. ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ಈಗ ಊರಿಗೆ ಬಂದು ಮುಟ್ಟಿದ್ದೇನೆ. ಮಂಗಳೂರಿನ ನಮ್ಮ ಬಿಜೈಯಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ, ಅಂಗಳಕ್ಕೆ ಇಳಿಯುವ ಹಾಗಿಲ್ಲ, ಹಾಗಾಗಿ ಇವತ್ತು ಬರೆದುಬಿಡುತ್ತೇನೆ. ಎಲ್ಲರೂ ಓದುವ ಹಾಗೆ ಇಲ್ಲಿ ಹಾಕುವುದಕ್ಕೆ ಕಾರಣ ಉಂಟು. ಫೋನಿನಲ್ಲಿ ಹೇಳಿದರೆ ನೀನು ಎರಡನೇ ಮಾತಿಗೇ ಬಾಯಿ ಹಾಕುತ್ತೀ. ಇಲ್ಲಾದರೆ ಪೂರ್ತಿ ಓದಲೇಬೇಕು. ಓದುತ್ತಿರುವ ಉಳಿದವರಿಗೆ ಒಂದು ಮಾತು: ಈ ಮನುಷ್ಯ ಆರ್ಕಿಟೆಕ್ಟ್. ಓದುವ ಕಾಲದಲ್ಲಿ ಇವನ ರೂಮಿನ ಗೋಡೆಯಲ್ಲಿ ದೇವರ ಪಟ ಇರಲಿಲ್ಲ, ಈ ಮ್ಯೂಸಿಯಂನ ಚಿತ್ರ ಇತ್ತು. ಅದನ್ನು ಯಾವುದರಿಂದ ಅಂಟಿಸಿದ್ದ ಅಂತ ನಾನು ಹೇಳುವುದಿಲ್ಲ. ಅವನಿಗೆ ಗೊತ್ತು.

ಕಟ್ಟಡ ಚೆಂದ ಉಂಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫಿಫ್ತ್ ಅವೆನ್ಯೂವಿನ ಒಂದು ಬದಿಗೆ ಸೆಂಟ್ರಲ್ ಪಾರ್ಕ್, ಇನ್ನೊಂದು ಬದಿಗೆ ಸಾಲಾಗಿ ಚೌಕದ ಕಟ್ಟಡಗಳು. ಅವುಗಳ ನಡುವೆ ಇದೊಂದು ಮಾತ್ರ ದುಂಡಗೆ, ಕೆಳಗೆ ಸಣ್ಣದು, ಮೇಲೆ ಹೋದ ಹಾಗೆ ಅಗಲ. ತೆರೆದ ಕಾಲಕ್ಕೆ ಕೆಲವರು ವಾಷಿಂಗ್ ಮೆಷಿನ್ ಅಂತ ಹೀಯಾಳಿಸಿದ್ದರಂತೆ. ನನಗೆ ಹಾಗೆ ಅನ್ನಿಸಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ನಾನೂ ತಂಗಿಯೂ ಮಾತು ನಿಲ್ಲಿಸಿದೆವು. ನಡುವೆ ಪೂರ್ತಿ ಖಾಲಿ. ತಲೆಯ ಮೇಲೆ ಎತ್ತರದಲ್ಲಿ ಗಾಜಿನ ಗುಮ್ಮಟ. ಸುತ್ತಲೂ ಒಂದೇ ಒಂದು ದಾರಿ ಸುರುಳಿಯಾಗಿ ಏರಿಕೊಂಡು ಹೋಗುತ್ತದೆ, ಕಾಲು ಮೈಲಿಯಷ್ಟು, ಆ ದಾರಿಯಲ್ಲಿ ಒಂದು ಮೆಟ್ಟಿಲೂ ಇಲ್ಲ. ಫೋಟೊದಲ್ಲಿ ಸಿಗದ್ದು ಅಂದರೆ ಆ ಖಾಲಿ ಜಾಗ. ಅದನ್ನು ಅಲ್ಲೇ ನಿಂತು ನೋಡಬೇಕು. ನೀನು ಇಷ್ಟು ವರ್ಷ ಹೇಳಿದ್ದು ಸರಿ.

ನೀನು ಹೇಳಿಕೊಟ್ಟ ಕತೆಯನ್ನೆಲ್ಲಾ ನಾನು ತಂಗಿಗೆ ಹೇಳಿದೆ. 1943ರಲ್ಲಿ ಗುಗನ್‌ಹೈಮ್‌ನ ಕಲಾ ಸಲಹೆಗಾರ್ತಿ ಹಿಲ್ಲಾ ರಿಬೇ ಎಂಬಾಕೆ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್‌ಗೆ ಕಾಗದ ಬರೆದು, ಚಿತ್ರಗಳಿಗೊಂದು ಗುಡಿಯಂಥದ್ದು ಬೇಕು ಅಂತ ಕೇಳಿದ್ದು. ನಕ್ಷೆ ಮೇಲೆ ನಕ್ಷೆ ಹಾಕಿ ಹದಿನಾರು ವರ್ಷ ಎಳೆದದ್ದು. ದುಡ್ಡು ಹಾಕಿದ ಸಾಲೊಮನ್ ಗುಗನ್‌ಹೈಮ್ 1949ರಲ್ಲಿ ಹೋದ. ರೈಟ್ 1959ರ ಏಪ್ರಿಲ್‌ನಲ್ಲಿ ಹೋದ. ಬಾಗಿಲು ತೆರೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಕಟ್ಟಿಸಿದವನೂ ನೋಡಲಿಲ್ಲ, ಕಟ್ಟಿದವನೂ ನೋಡಲಿಲ್ಲ. ಇದನ್ನು ಕೇಳಿ ತಂಗಿಗೆ ನಿಜವಾಗಿ ಬೇಜಾರಾಯಿತು.

ಲಿಫ್ಟಿನಲ್ಲಿ ಮೇಲೆ ಹೋಗಿ ನಡೆದುಕೊಂಡು ಇಳಿಯಬೇಕು ಅನ್ನುವುದು ರೈಟ್‌ನ ಲೆಕ್ಕ. ನಾವೂ ಹಾಗೇ ಮಾಡಿದೆವು. ತೊಂದರೆ ಶುರುವಾದದ್ದು ಅಲ್ಲಿಂದ.

ಇಳಿಜಾರು ತುಂಬಾ ಕಡಿಮೆ. ನಡೆಯುವಾಗ ಗೊತ್ತೇ ಆಗುವುದಿಲ್ಲ. ನಿಂತಾಗ ಗೊತ್ತಾಗುತ್ತದೆ. ಒಂದು ಚಿತ್ರದ ಮುಂದೆ ನಿಂತೆ ಅಂತ ಇಟ್ಟುಕೋ. ಒಂದು ಕಾಲು ಒಂದು ಚೂರು ಮೇಲೆ, ಇನ್ನೊಂದು ಒಂದು ಚೂರು ಕೆಳಗೆ. ಚಿತ್ರದ ಚೌಕಟ್ಟು ಮಟ್ಟಕ್ಕೆ ಸರಿಯಾಗಿದೆ, ಕೆಳಗಿನ ನೆಲ ಸರಿಯಿಲ್ಲ, ಹಿಂದಿನ ಗೋಡೆ ಹೊರಗಡೆಗೆ ವಾಲಿಕೊಂಡಿದೆ. ಯಾವುದನ್ನು ನೇರ ಅಂತ ಹಿಡಿಯಬೇಕು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕಾಲು ತಾನಾಗಿಯೇ ಮುಂದೆ ಹೋಗಿರುತ್ತದೆ. ತಂಗಿ ಮಗುವಿನ ತಳ್ಳುಗಾಡಿ ತಂದಿದ್ದಳು. ಬ್ರೇಕ್ ಹಾಕಿದ್ದರೂ ಅವಳು ಅದರ ಮೇಲಿನ ಕೈ ತೆಗೆಯಲಿಲ್ಲ. ಚಿತ್ರ ನೋಡುವಾಗೆಲ್ಲಾ ಅರ್ಧ ಮನಸ್ಸು ಆ ಕೈಯಲ್ಲಿತ್ತು. ರೈಟ್ 1920ರ ದಶಕದಲ್ಲಿ ಮೇರಿಲ್ಯಾಂಡಿನ ಗುಡ್ಡವೊಂದಕ್ಕೆ, ಕಾರುಗಳು ಹತ್ತಿ ಇಳಿಯುವ ಸುರುಳಿ ಕಟ್ಟಡದ ನಕ್ಷೆ ಮಾಡಿದ್ದ, ಅದು ಕಟ್ಟುವ ತನಕ ಹೋಗಲಿಲ್ಲ ಅಂತ ನೀನೇ ಹೇಳಿದ್ದೆಯಲ್ಲ. ನನಗೆ ಅದೇ ಕಾಣಿಸಿತು. ಇದು ಚಕ್ರಕ್ಕೆ ಅಂತ ಯೋಚಿಸಿದ ದಾರಿ. ಹೋಗುತ್ತಿರುವವರಿಗೆ ಬಹಳ ಒಳ್ಳೆಯದು. ನಿಲ್ಲಬೇಕು ಅನ್ನುವವರಿಗೆ ಅಲ್ಲ.

ಇದು ನನ್ನೊಬ್ಬನ ಕಿರಿಕಿರಿ ಅಲ್ಲ, ನಿನಗೂ ಗೊತ್ತು. 1956ರಲ್ಲಿ, ಕಟ್ಟಡ ಏಳುತ್ತಿರುವಾಗಲೇ, 21 ಜನ ಕಲಾವಿದರು ಸಹಿ ಹಾಕಿ ಪತ್ರ ಬರೆದಿದ್ದರು. ಡಿ ಕೂನಿಂಗ್ ಇದ್ದ, ಫ್ರಾಂಜ್ ಕ್ಲೈನ್ ಇದ್ದ, ಮದರ್‌ವೆಲ್ ಇದ್ದ. ವಾಲಿದ ಗೋಡೆ, ಇಳಿಜಾರು ನೆಲ, ಇದರ ನಡುವೆ ಚಿತ್ರಕ್ಕೆ ಬೇಕಾದ ನೇರ ಗೆರೆ ಎಲ್ಲಿ ಅನ್ನುವುದು ಅವರ ತಕರಾರು. ರೈಟ್ ಕೇಳಲಿಲ್ಲ. ಚಿತ್ರ ಬರೆಯುವ ಸ್ಟ್ಯಾಂಡಿನಲ್ಲಿ ಕ್ಯಾನ್‌ವಾಸ್ ವಾಲಿಕೊಂಡಿರುವುದಿಲ್ಲವಾ, ಗೋಡೆಯಲ್ಲೂ ಹಾಗೇ ಇರಲಿ ಅಂದ. ಕಡೆಗೆ ಆಗಿನ ಡೈರೆಕ್ಟರ್ ಸ್ವೀನಿ ಗೋಡೆಯಿಂದ ಲೋಹದ ಕಂಬಿ ಹೊರಗೆ ತಂದು, ಅದರ ತುದಿಗೆ ಚಿತ್ರ ಸಿಕ್ಕಿಸಿದ. ಗೋಡೆ ಒಂದು ಕಡೆ, ಚಿತ್ರ ಒಂದು ಕಡೆ.

ನಮ್ಮ ಅಲೋಶಿಯಸ್ ಚಾಪೆಲ್ ನೆನಪಾಯಿತು. ಲೈಟ್‌ಹೌಸ್ ಹಿಲ್ ಏರಿ ಅದರ ಒಳಗೆ ಹೋದರೆ ಗೋಡೆ ಯಾವುದು ಚಿತ್ರ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ನೂರಿಪ್ಪತ್ತು ವರ್ಷದ ಮೇಲಾಯಿತು ಚಿತ್ರಕಾರ ಮೊಸ್ಕೇನಿ ಇಟಲಿಯಿಂದ ಬಂದು ಅದನ್ನು ಬರೆದು. ಅಲ್ಲಿ ಮೇಲಿನ ಮಾಡು ನೋಡಿ ನೋಡಿ ಕತ್ತು ನೋಯುತ್ತದೆ, ಹೌದು. ಆದರೆ ಕಾಲು ನೆಲದ ಮೇಲೆ ಗಟ್ಟಿ ಇರುತ್ತದೆ. ಕಟ್ಟಡ ಚಿತ್ರಕ್ಕೆ ಮೈ ಕೊಟ್ಟಿದೆ. ಗುಗನ್‌ಹೈಮ್ ಮೈ ಕೊಟ್ಟಿಲ್ಲ. ತನ್ನನ್ನು ನೋಡಿ ಅನ್ನುತ್ತದೆ, ನಾವೂ ಅದನ್ನೇ ನೋಡುತ್ತೇವೆ. ನಾನು ಗೋಡೆಗೆ ಬೆನ್ನು ಹಾಕಿ ಕಟ್ಟೆಗೆ ಒರಗಿ ಎದುರು ಬದಿಯ ಜನರನ್ನು ನೋಡುತ್ತಾ ಎಷ್ಟು ಹೊತ್ತು ಕಳೆದೆನೋ ಗೊತ್ತಿಲ್ಲ. ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜ, ಯಾರ ಸಹಾಯವೂ ಇಲ್ಲದೆ, ಒಂದು ಸುತ್ತು ಆದ ಮೇಲೆ ಇನ್ನೊಂದು ಸುತ್ತು ಇಳಿದುಕೊಂಡು ಹೋದರು. ಅವರ ಮುಖದಲ್ಲಿ ಎಂಥ ಖುಷಿ! ಅದನ್ನು ನೋಡಿದ ಮೇಲೆ ಆ ಇಳಿಜಾರನ್ನು ಪೂರ್ತಿ ಬೈಯುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಕಾವಲಿನವರನ್ನು ನೋಡಿದೆ.

ಅಲ್ಲಲ್ಲಿ ಒಬ್ಬೊಬ್ಬರು ನಿಂತಿರುತ್ತಾರೆ. ನಾವು ಬಂದು ಹೋಗುವವರು, ಅವರು ದಿನವಿಡೀ ಅಲ್ಲೇ. ನನ್ನ ಹತ್ತಿರ ಇದ್ದ ಹೆಂಗಸಿಗೆ ಸುಮಾರು ಐವತ್ತೈದು ಇರಬಹುದು, ಕಪ್ಪು ಶೂ. ಆಕೆ ಇಳಿಜಾರಿಗೆ ಅಡ್ಡವಾಗಿ ನಿಂತಿರಲಿಲ್ಲ. ಒಂದು ಪಾದವನ್ನು ಏರು ಬದಿಗೆ ತಿರುಗಿಸಿ, ಮೊಣಕಾಲು ಸ್ವಲ್ಪ ಮಡಚಿ, ಭಾರ ಪೂರ್ತಿ ಅದರ ಮೇಲೆ ಬಿಟ್ಟಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಾಲಿಗೆ ಬದಲಾಯಿಸಿದಳು. ಆ ನಿಲುವು ನನಗೆ ಗೊತ್ತು. ನಿನಗೂ ಗೊತ್ತು. ಅಪ್ಪ ಹಾಗೇ ನಿಲ್ಲುತ್ತಿದ್ದರು.

ಅಪ್ಪನ ಇಸ್ತ್ರಿ ಅಂಗಡಿಯ ನೆಲ ನೆನಪಿದೆಯಾ? ಮಳೆ ನೀರು ಒಳಗೆ ನಿಲ್ಲಬಾರದು ಅಂತ ರಸ್ತೆಯ ಕಡೆಗೆ ಇಳಿಸಿ ಸಿಮೆಂಟ್ ಹಾಕಿದ್ದರು. ಇಸ್ತ್ರಿ ಮೇಜಿನ ಕಾಲಿಗೆ ಕಲ್ಲು ಕೊಟ್ಟು ಅಪ್ಪ ಮೇಜನ್ನು ಮಟ್ಟ ಮಾಡಿಕೊಂಡರು, ಇಲ್ಲದಿದ್ದರೆ ಪೆಟ್ಟಿಗೆ ಜಾರುತ್ತಿತ್ತು. ತನ್ನ ಕಾಲಿನ ವಿಷಯ ನೆನಪಾದದ್ದು ಎಷ್ಟೋ ವರ್ಷ ಕಳೆದ ಮೇಲೆ. ಸಂಜೆಯಾದರೆ ಸೊಂಟದ ಒಂದು ಬದಿ ಹಿಡಿದುಕೊಳ್ಳುತ್ತಿತ್ತು. ಆಗ ಒಂದು ಹಲಸಿನ ಹಲಗೆ ತಂದು, ಒಂದು ಬದಿಗೆ ಹಂಚಿನ ತುಂಡು ಕೊಟ್ಟು, ಅದರ ಮೇಲೆ ನಿಲ್ಲಲು ಶುರು ಮಾಡಿದರು. ಆ ಹಲಗೆ ಈಗಲೂ ಮನೆಯಲ್ಲಿ ಉಂಟು. ಎರಡು ಪಾದದ ಜಾಗ ಮಾತ್ರ ನುಣ್ಣಗಾಗಿದೆ, ಉಳಿದ ಕಡೆ ಮರದ ಒರಟು ಹಾಗೇ ಇದೆ.

1956ರಲ್ಲಿ ಕಲಾವಿದರು ಚಿತ್ರಗಳ ಪರವಾಗಿ ಪತ್ರ ಬರೆದರು. ಒಳ್ಳೆಯದೇ ಮಾಡಿದರು. ನೆಲ ವಾಲಿಸುವ ಮೊದಲು, ಅದರ ಮೇಲೆ ಬೆಳಿಗ್ಗೆಯಿಂದ ಸಂಜೆ ತನಕ ಯಾರು ನಿಲ್ಲುತ್ತಾರೆ ಅಂತ ನೀವು ಆರ್ಕಿಟೆಕ್ಟುಗಳು ಯೋಚಿಸುತ್ತೀರಾ? ಇದು ಕುಹಕ ಅಲ್ಲ ಮಾರಾಯ. ನನಗೆ ಉತ್ತರ ಬೇಕು.

ಇನ್ನು ನಾನು ಹೇಳಬೇಕಾದ್ದು ಒಂದು ಚಿತ್ರದ ವಿಷಯ. ಆ ಸುರುಳಿಯಿಂದ ಪಕ್ಕಕ್ಕೆ ತಿರುಗಿದರೆ ಒಂದು ಮಾಮೂಲಿ ಗ್ಯಾಲರಿ ಸಿಗುತ್ತದೆ. ಸಮ ನೆಲ, ನೇರ ಗೋಡೆ. ಅಲ್ಲಿ ಪಿಕಾಸೊ 1904ರಲ್ಲಿ ಬರೆದ ಇಸ್ತ್ರಿ ಹಾಕುವ ಹೆಂಗಸಿನ ಚಿತ್ರ ಇತ್ತು. ಆಗ ಅವನಿಗೆ ಇಪ್ಪತ್ತೆರಡು. ಬಣ್ಣ ಅಂತ ಜಾಸ್ತಿ ಏನಿಲ್ಲ, ಬೂದಿ, ನೀಲಿ, ಬಿಳಿ. ಹೆಂಗಸು ಬಡಕಲು. ಕಣ್ಣಿನ ಜಾಗದಲ್ಲಿ ಬರೀ ಗುಳಿ. ಎರಡೂ ಕೈಯಿಂದ ಪೆಟ್ಟಿಗೆ ಒತ್ತುತ್ತಿದ್ದಾಳೆ, ಒತ್ತಿದ ರಭಸಕ್ಕೆ ಒಂದು ಭುಜ ಮೇಲಕ್ಕೆ ಎದ್ದುಕೊಂಡಿದೆ, ತಲೆ ಅದರ ಪಕ್ಕದಲ್ಲಿ ಬಿದ್ದುಕೊಂಡಿದೆ. ಆ ಕ್ಯಾನ್‌ವಾಸಿನ ಅಡಿಯಲ್ಲಿ ಮೀಸೆಯ ಗಂಡಸಿನ ಚಿತ್ರವೊಂದು ತಲೆಕೆಳಗಾಗಿ ಇದೆ ಅಂತ 1989ರಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾದಿಂದ ಗೊತ್ತಾಗಿತ್ತು. ಬಳಸಿದ ಕ್ಯಾನ್‌ವಾಸಿನ ಮೇಲೇ ಮತ್ತೆ ಬರೆದದ್ದು. ಬರಿಗಣ್ಣಿಗೆ ಆ ಗಂಡಸು ಕಾಣುವುದಿಲ್ಲ. ನಾನು ಮಾತ್ರ ತುಂಬಾ ಹೊತ್ತು ಹುಡುಕಿದೆ.

ಆ ಭುಜ ನೋಡಿ ನನಗೆ ಅಳು ಬಂತು. ತಂಗಿ ಮಗುವಿಗೆ ಹಾಲು ಕೊಡಲು ಹೊರಗೆ ಹೋಗಿದ್ದಳು. ಒಳ್ಳೆಯದಾಯಿತು. ಕಾಟನ್ ಸೀರೆಯ ಮಡಿಕೆ ಬಿಡಿಸುವಾಗ ಅಪ್ಪನ ಬಲ ಭುಜ ಹಾಗೇ ಏರುತ್ತಿತ್ತು. ಗೆರಟೆ ಕೆಂಡ ಆರುವ ಮೊದಲು ಮುಗಿಸಬೇಕು ಅಂತ ಒಂದು ಅವಸರ, ಬಾಯಿಯಲ್ಲಿ ನೀರು ತುಂಬಿಕೊಂಡು ಚಿಮುಕಿಸುವುದು, ನಾವಿಬ್ಬರು ಬಂದರೆ ಗಲ್ಲ ಉಬ್ಬಿಸಿಕೊಂಡೇ ತಲೆ ಅಲ್ಲಾಡಿಸಿ ಕುಳಿತುಕೊಳ್ಳಿ ಅನ್ನುವುದು. ಮ್ಯೂಸಿಯಂ ಪೂರ್ತಿ ಸುತ್ತಿ ನಾನು ನಿಜವಾಗಿ ನೋಡಿದ ಚಿತ್ರ ಅದೊಂದೇ. ಅದು ಸಿಕ್ಕಿದ್ದು ರೈಟ್‌ನ ಸುರುಳಿಯಲ್ಲಿ ಅಲ್ಲ, ಸಮ ನೆಲದಲ್ಲಿ.

ನಿನ್ನ ಮೊದಲ ಇಂಟರ್‌ವ್ಯೂಗೆ ಆ ಬಿಳಿ ಅಂಗಿ ಇಸ್ತ್ರಿ ಹಾಕಿಕೊಟ್ಟದ್ದು ಅಪ್ಪ. ಕಾಲರಿಗೆ ಗಂಜಿ ಹಾಕಿ, ಕಾಗದದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೋ, ಮೇಲಿನ ಕಂಬಿಗೆ ಹಾಕಬೇಡ ಅಂದಿದ್ದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಬೊಜ್ಜಕ್ಕೆ ನೀನು ಬರಲಿಲ್ಲ. ರಜೆ ಸಿಗಲಿಲ್ಲ ಅಂದೆ. ನಾನು ಪರವಾಗಿಲ್ಲ ಅಂದೆ. ಅದೇ ವಾರ ನೀನು ಅಬುಧಾಬಿಯ ಲೂವ್ರ್ ಗುಮ್ಮಟದ ಕೆಳಗೆ ನಿಂತ ಫೋಟೊ ಸ್ಟೇಟಸಿನಲ್ಲಿ ಬಂತು. ಬಿಸಿಲು ನಿನ್ನ ಅಂಗಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಚೆಂದದ ಫೋಟೊ. ಆ ದಿನದಿಂದ ನೀನು ಕಟ್ಟಡಗಳ ವಿಷಯ ಎತ್ತಿದಾಗೆಲ್ಲಾ ನನಗೆ ಒಳಗೆ ಏನೋ ಗಂಟು ಬೀಳುತ್ತದೆ. ಹೆಬ್ಬೆರಳು ಒತ್ತಿ ಸುಮ್ಮನಾದದ್ದು ಅದಕ್ಕೇ. ನಿನ್ನ ಕಾರಣ ಏನಿತ್ತೋ, ಇರಬಹುದು. ನೀನು ಅವರನ್ನು ಇಷ್ಟಪಡುತ್ತಿದ್ದೆ ಅನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಆವತ್ತು ನೀನು ಬಂದಿದ್ದರೆ ಆ ಹಲಗೆಯ ಮೇಲೆ ನಿನ್ನನ್ನೂ ಒಂದು ಸಲ ನಿಲ್ಲಿಸಬೇಕು ಅಂತ ಇತ್ತು, ಅಷ್ಟೇ.

ಇಷ್ಟೆಲ್ಲಾ ಬರೆಯುವ ಯೋಚನೆ ಇರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ. ಇನ್ನು ನಮ್ಮ ಹಡಗಿನ ಸುದ್ದಿಗೆ ಬರೋಣ.

ಓದುವವರಿಗೆ ಗೊತ್ತಿರಲಿ, ಬಿಜೈಯ ಶ್ರೀಮಂತಿಬಾಯಿ ಮ್ಯೂಸಿಯಂ ಹಡಗಿನ ಆಕಾರದ ಕಟ್ಟಡ. ಕರ್ನಲ್ ಮಿರಜ್ಕರ್ ಅವರ ಬಂಗಲೆ ಅದು, ತಾಯಿಯ ಹೆಸರಿನಲ್ಲಿ ಕೊಟ್ಟದ್ದು. ಮ್ಯೂಸಿಯಂ ಅಂತ ಬಾಗಿಲು ತೆರೆದದ್ದು 1960ರಲ್ಲಿ, ಗುಗನ್‌ಹೈಮ್ ತೆರೆದ ಮರುವರ್ಷ. ವಿಚಿತ್ರ ಆಕಾರದ ಮ್ಯೂಸಿಯಂ ನೋಡಲು ಬಿಜೈಯ ಮಕ್ಕಳಾದ ನಾವು ವಿಮಾನ ಹತ್ತಬೇಕಾಗಿರಲಿಲ್ಲ, ಅಲ್ವಾ? ಆದರೆ ಒಂದು ವಿಷಯ ಗಮನಿಸು. ಹೊರಗೆ ಹಡಗಾದರೂ ಒಳಗೆ ನೆಲ ನೆಲವೇ. ಕ್ಯಾಪ್ಟನ್ ಯಾರು ಅಂತ ನೀನೂ ನಾನೂ ಜಗಳ ಮಾಡಿಕೊಂಡದ್ದು ಮಾತ್ರ ಇತ್ಯರ್ಥ ಆಗಿಲ್ಲ. ಎರಡನೇ ಕಿಟಕಿಯ ಕೇಸ್ ಇನ್ನೂ ಬಾಕಿ ಉಂಟು.

ನಮ್ಮ ಊರಿಗೆ ಹೊಸ ಕಾಲದ ಚಿತ್ರಗಳಿಗೆ ಅಂತ ಒಂದು ದೊಡ್ಡ ಮ್ಯೂಸಿಯಂ ಆಗಬೇಕು ಅಂತ ನನಗೆ ಬಹಳ ಆಸೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹೆಬ್ಬಾರರಂಥ ಕಲಾವಿದ ಹುಟ್ಟಿದ ಸೀಮೆ ಇದು. ಯಾವತ್ತಾದರೂ ಆದರೆ ನಕ್ಷೆ ನೀನೇ ಹಾಕು. ಹೊರಗೆ ಎಷ್ಟು ಬೇಕಾದರೂ ಸುರುಳಿ ಮಾಡು, ಹಡಗು ಮಾಡು, ಮಳೆ ನೀರು ಹೋಗುವ ಹಾಗಿದ್ದರೆ ಸಾಕು. ಗೋಡೆಯ ಬುಡದಿಂದ ಒಂದು ಹತ್ತು ಅಡಿ ನೆಲ ಮಾತ್ರ ಮಟ್ಟ ಇರಲಿ. ಕಾವಲಿನವರಿಗೆ ಪ್ರತಿ ಮೂಲೆಯಲ್ಲಿ ಒಂದು ಸ್ಟೂಲ್ ಹಾಕು. ಬೇಡ ಅಂದವರಿಗೆ ನಾನು ಉತ್ತರ ಕೊಡುತ್ತೇನೆ.

ಡಿಸೆಂಬರಿನಲ್ಲಿ ಬರುತ್ತೇನೆ ಅಂದಿದ್ದೀ. ಬಾ. ಅಮ್ಮನಿಗೆ ನೀನು ಬರುವುದು ಹೇಳಿಯಾಯಿತು, ಈಗಲೇ ನೀರುದೋಸೆಯ ಲೆಕ್ಕ ಶುರುವಾಗಿದೆ. ಗಡ್‌ಬಡ್ ಐಸ್‌ಕ್ರೀಮಿನ ಖರ್ಚು ನಿನ್ನದು, ಎರಡು ಗ್ಲಾಸ್, ಹಂಚಿಕೊಳ್ಳುವ ಮಾತೇ ಇಲ್ಲ. ಕಾಗದಕ್ಕೆ ಉತ್ತರ ಕಾಗದದಲ್ಲೇ ಬರಲಿ, ವಾಯ್ಸ್ ಮೆಸೇಜ್ ಹಾಕಿದರೆ ಕೇಳುವುದಿಲ್ಲ.

ನಿನ್ನ,
ಸೆಕೆಂಡ್ ಆಫೀಸರ್
ಬಿಜೈ, ಮಂಗಳೂರು